ವಿದ್ಯಾರ್ಥಿ ಸಂಶೋಧನೆಗೆ ಅನುದಾನ: ಬಜೆಟ್ ಹಾಳೆ ಬರೆಯೋದು ಹೇಗೆ? ಕೊಟೇಶನ್ ಕೊಡೋ ಅಂಗಡಿಯವರು ಏನು ನೋಡ್ಕೋಬೇಕು?

ಮೈಸೂರು: ಕೊನೆ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮೂರ್ನಾಲ್ಕು ಜನ ಒಟ್ಟಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಬಂದು, 'ಅಣ್ಣಾ, ಒಂದು ಕೊಟೇಶನ್ ಬೇಕಿತ್ತು, ಇವತ್ತೇ ಲಾಸ್ಟ್ ಡೇಟು' ಅಂತ ಕೇಳೋದು ನಗರದ ವ್ಯಾಪಾರಿಗಳಿಗೆ ಹೊಸದಲ್ಲ. ಅಂಗಡಿಯವರು ಕೈಗೆ ಸಿಕ್ಕ ಬಿಲ್ ಬುಕ್ಕಿನ ಹಾಳೆ ಮೇಲೆ ಒಂದು ಮೊತ್ತ ಬರೆದು ಕೊಡುತ್ತಾರೆ. ಹುಡುಗರು ಅದನ್ನೇ ಅರ್ಜಿಗೆ ಲಗತ್ತಿಸುತ್ತಾರೆ. ಎರಡು ಮೂರು ತಿಂಗಳಾದ ಮೇಲೆ ಅನುದಾನ ಮಂಜೂರಾದರೆ, ಅರ್ಜಿಯಲ್ಲಿ ಬರೆದ ದರಕ್ಕೂ ಅಂಗಡಿಯ ದರಕ್ಕೂ ಹೊಂದಾಣಿಕೆ ಆಗೋದಿಲ್ಲ. ವ್ಯತ್ಯಾಸದ ಹಣ ಬರೋದು ಅಪ್ಪನ ಜೇಬಿಂದ. ಅದೂ ಇಲ್ಲದಿದ್ದರೆ ಸಾಮಾನು ಉದ್ರಿ ಕೊಟ್ಟ ಅಂಗಡಿಯವರ ಖಾತೆಯಲ್ಲಿ ಬಾಕಿ ನಿಲ್ಲುತ್ತೆ.

ಅನುದಾನದ ಅರ್ಜಿಯಲ್ಲಿ ಬಜೆಟ್ ಅನ್ನೋದು ಕೊನೆ ಪುಟದ ಶಾಸ್ತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಪರಿಶೀಲಿಸುವ ತಜ್ಞರು ಮಾತ್ರ ಅದನ್ನು ಬೇರೆ ರೀತಿ ಓದುತ್ತಾರೆ. ಈ ಹುಡುಗರಿಗೆ ಮಾಡಬೇಕಾದ ಕೆಲಸದ ಹಂತಗಳು ನಿಜಕ್ಕೂ ಗೊತ್ತಿದೆಯೋ ಇಲ್ಲವೋ ಅನ್ನೋದು ಅವರಿಗೆ ಕಾಣೋದು ಅಲ್ಲೇ. ಜೊತೆಗೆ ಇನ್ನೊಂದು ಮಾತು: ಅರ್ಜಿಯಲ್ಲಿ ಕೇಳದ ಖರ್ಚನ್ನು ಆಮೇಲೆ ಯಾರೂ ಕೊಡೋದಿಲ್ಲ.

ಯಾವ ಅನುದಾನ, ಯಾರಿಗೆ?

ಮೈಸೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಅಂದರೆ ಕೆಎಸ್‌ಸಿಎಸ್‌ಟಿ. 1975ರಲ್ಲಿ ಶುರುವಾದ ಈ ಮಂಡಳಿಯ ಕಚೇರಿ ಇರೋದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಇದರ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವನ್ನು ಎಲ್ಲರೂ ಎಸ್‌ಪಿಪಿ ಅಂತಲೇ ಕರೆಯೋದು. 1970ರ ದಶಕದ ಕೊನೆಯಿಂದ ವರ್ಷವರ್ಷ ನಡೆದುಬಂದಿದೆ. ವಿದ್ಯಾರ್ಥಿ ನೇರವಾಗಿ ಅರ್ಜಿ ಹಾಕಿ ಹಣ ತಗೊಳ್ಳೋ ವ್ಯವಸ್ಥೆ ಇಲ್ಲಿಲ್ಲ. ಮಾರ್ಗದರ್ಶಕ ಅಧ್ಯಾಪಕರು, ವಿಭಾಗದ ಮುಖ್ಯಸ್ಥರು ಮತ್ತು ಪ್ರಾಂಶುಪಾಲರ ಸಹಿಯೊಂದಿಗೆ ಕಾಲೇಜಿನ ಮೂಲಕ ಪ್ರಸ್ತಾವನೆ ಹೋಗಬೇಕು, ಹಣ ಬರೋದೂ ಕಾಲೇಜಿಗೇ. ಮೊತ್ತ ಸಾವಿರಗಳ ಲೆಕ್ಕದ್ದು, ಲಕ್ಷಗಳದ್ದಲ್ಲ. ಎರಡು ಲಕ್ಷದ ಯಂತ್ರಕ್ಕೆ ಇಲ್ಲಿ ಬಜೆಟ್ ಹಾಕುವವರು ಮಾರ್ಗಸೂಚಿ ಓದಿಲ್ಲ ಅಂತ ಮೊದಲ ನೋಟಕ್ಕೇ ಗೊತ್ತಾಗಿಬಿಡುತ್ತೆ.

ಮಾನಸಗಂಗೋತ್ರಿಯ ಪಿಎಚ್‌ಡಿ ವಿದ್ಯಾರ್ಥಿಗಳ ಲೆಕ್ಕ ಬೇರೆ. ಯುಜಿಸಿ ಜೆಆರ್‌ಎಫ್ ಪಡೆದವರಿಗೆ ತಿಂಗಳ ಫೆಲೋಶಿಪ್ 2023ರ ಜನವರಿ 1ರಿಂದ 37,000 ರೂ. ಆಗಿದೆ. ಅದು ಬದುಕಿನ ಖರ್ಚಿಗೆ. ಸಂಶೋಧನೆಯ ಖರ್ಚಿಗೆ ಕೊಡೋದು ಕಂಟಿಂಜೆನ್ಸಿ: ಕಲೆ ಮತ್ತು ಸಮಾಜವಿಜ್ಞಾನದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000 ರೂ., ನಂತರ 20,500 ರೂ. ವಿಜ್ಞಾನದವರಿಗೆ ಮೊದಲು 12,000, ನಂತರ 25,000. ಸಿಎಸ್‌ಐಆರ್ ಫೆಲೋಗಳಿಗೆ ವರ್ಷಕ್ಕೆ 20,000. ಫೆಲೋಶಿಪ್ ಏರಿದರೂ ಕಂಟಿಂಜೆನ್ಸಿ ಏರದೆ ಉಳಿದಿದೆ. ಹಾಗಾಗಿ ಕ್ಷೇತ್ರಕಾರ್ಯ ಮಾಡುವವರಿಗೆ ಬಜೆಟ್ ಅನ್ನೋದು ಈಗ ಮೊದಲಿಗಿಂತ ಬಿಗಿ.

ವೈದ್ಯಕೀಯ ವಿದ್ಯಾರ್ಥಿಗಳಿಗೆ ಐಸಿಎಂಆರ್‌ನ ಎರಡು ತಿಂಗಳ ಅಲ್ಪಾವಧಿ ಸಂಶೋಧನಾ ಯೋಜನೆ ಇದೆ. ಅದರಲ್ಲಿ ಸಿಗೋದು ವಿದ್ಯಾರ್ಥಿಗೆ ಸ್ಟೈಪೆಂಡ್. ರಕ್ತ ಪರೀಕ್ಷೆಯ ಕಿಟ್ಟು ಬೇಕಾದರೆ ಅದನ್ನು ಕಾಲೇಜು ಕೊಡುತ್ತಾ ಅಂತ ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಸ್ಟೈಪೆಂಡೇ ಕಿಟ್ಟಾಗಿ ಕರಗುತ್ತೆ.

ಮೊದಲು ಕೆಲಸ, ಆಮೇಲೆ ಕಾಸು

ಬಜೆಟ್ ಬರೆಯೋಕೆ ಕೂತವರು ಸಾಮಾನ್ಯವಾಗಿ ಮಾಡುವ ತಪ್ಪು ಮೊತ್ತದಿಂದ ಶುರುಮಾಡೋದು. 'ಹೋದ ವರ್ಷದವರಿಗೆ ಇಷ್ಟು ಬಂತಂತೆ, ನಾವು ಹತ್ತು ಸಾವಿರ ಹಾಕೋಣ' ಅಂತ ಹೇಳಿ, ಆ ಹತ್ತನ್ನು ಸೆನ್ಸರ್‌ಗೆ 4,000, ಸಾಫ್ಟ್‌ವೇರ್‌ಗೆ 3,000, ಇತರೆ 3,000 ಅಂತ ಹಂಚಿಬಿಡುತ್ತಾರೆ. ಮೂರೂ ದುಂಡು ಸಂಖ್ಯೆ. ಯಾವ ಸೆನ್ಸರ್, ಎಷ್ಟು, ಯಾಕೆ ಅನ್ನೋದಕ್ಕೆ ಉತ್ತರ ಇಲ್ಲ. 'ಇತರೆ' ಅನ್ನೋದು ಒಟ್ಟು ಮೊತ್ತದ ಹತ್ತಿರಹತ್ತಿರ ಮೂರನೇ ಒಂದು ಪಾಲು! ಇಂಥ ಹಾಳೆಯನ್ನು ಅನುಮಾನದಿಂದ ನೋಡದ ಪರಿಶೀಲಕರು ಇರಲಾರರು.

ಸರಿಯಾದ ದಾರಿ ಉಲ್ಟಾ. ಮೊದಲ ದಿನದಿಂದ ಕೊನೆಯ ವರದಿವರೆಗೆ ಏನೇನು ಕೆಲಸ ಆಗಬೇಕು ಅಂತ ಬರೆಯಬೇಕು. ಪ್ರತಿ ಕೆಲಸದ ಎದುರು ಮೂರು ಪ್ರಶ್ನೆ: ಇದಕ್ಕೆ ಏನು ಬೇಕು? ಅದು ಕಾಲೇಜಿನಲ್ಲಿ ಈಗಾಗಲೇ ಇದೆಯಾ? ಇಲ್ಲದಿದ್ದರೆ ಎಷ್ಟು ಬೇಕು, ಒಂದಕ್ಕೆ ಎಷ್ಟು? ಹೀಗೆ ಬರೆದರೆ ಬಜೆಟ್ ತಾನಾಗೇ ಬರುತ್ತೆ. ಲ್ಯಾಬಿನಲ್ಲಿ ಆಸಿಲೋಸ್ಕೋಪ್ ಇದ್ದರೂ ಅದನ್ನು ಬಜೆಟ್‌ನಲ್ಲಿ ಕೇಳೋದು, ಲ್ಯಾಪ್‌ಟಾಪು ಮೊಬೈಲು ಸೇರಿಸೋದು ಅರ್ಜಿಗೆ ಮುಳುವು. ಬದಲಿಗೆ 'ಈ ಉಪಕರಣ ವಿಭಾಗದಲ್ಲಿ ಲಭ್ಯವಿದೆ, ವೆಚ್ಚ ಇಲ್ಲ' ಅಂತ ಒಂದು ಸಾಲು ಬರೆದರೆ ತೂಕ ಹೆಚ್ಚುತ್ತೆ.

ಒಂದು ಲೆಕ್ಕ ಹಾಕಿ ನೋಡೋಣ

ನಂಜನಗೂಡು ತಾಲ್ಲೂಕಿನ ಒಂದು ಬಾಳೆ ತೋಟದಲ್ಲಿ ಮಣ್ಣಿನ ತೇವ ಅಳೆದು ರೈತರ ಫೋನಿಗೆ ಸಂದೇಶ ಕಳಿಸುವ ಸಾಧನ ಮಾಡಬೇಕು ಅಂತ ಇಟ್ಟುಕೊಳ್ಳೋಣ. ತಂಡದಲ್ಲಿ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಎರಡು ಸಾಧನ ಇಟ್ಟು, ಹನಿ ನೀರಾವರಿ ಇರುವ ಸಾಲಿಗೂ ಕಾಲುವೆ ನೀರು ಹಾಯಿಸುವ ಸಾಲಿಗೂ ಹೋಲಿಕೆ ಮಾಡೋದು ಉದ್ದೇಶ. ಕೆಳಗಿನ ದರಗಳು ಲೆಕ್ಕದ ರೀತಿ ತೋರಿಸೋಕೆ ಹಿಡಿದವು, ಅರ್ಜಿ ಹಾಕುವವರು ಅಂಗಡಿಯಲ್ಲಿ ಆ ದಿನದ ದರ ಕೇಳಬೇಕು.

ಕಂಟ್ರೋಲರ್ ಬೋರ್ಡ್ 3 (2 ಸಾಧನಕ್ಕೆ, 1 ಹೆಚ್ಚುವರಿ), ತಲಾ 450: 1,350 ರೂ.
ಮಣ್ಣಿನ ತೇವದ ಸೆನ್ಸರ್ 8 (6 ಬಳಕೆಗೆ, 2 ಹೆಚ್ಚುವರಿ), ತಲಾ 120: 960 ರೂ.
ಬ್ಯಾಟರಿ ಮತ್ತು ಸೋಲಾರ್ ಸೆಟ್ 2, ತಲಾ 850: 1,700 ರೂ.
ನೀರು ಹೋಗದ ಡಬ್ಬಿ 2, ತಲಾ 300: 600 ರೂ.
ಸರ್ಕ್ಯೂಟ್ ಬೋರ್ಡ್, ವೈರು, ಬೆಸುಗೆ ಸಾಮಾನು: 700 ರೂ.

ಇದಿಷ್ಟು 5,310. ಶೇ 18ರ ಜಿಎಸ್‌ಟಿ 955.80 ಸೇರಿ 6,266 ರೂ. ಇದು ಸಾಮಗ್ರಿ ತಲೆಯ ಖರ್ಚು. ಹೆಚ್ಚುವರಿ ಸೆನ್ಸರ್ ಯಾಕೆ ಅಂತ ಕೇಳಿದರೆ ಉತ್ತರ ಸರಳ: ತೋಟದ ಮಣ್ಣಿನಲ್ಲಿ ವಾರಗಟ್ಟಲೆ ಹೂತಿಟ್ಟ ಅಗ್ಗದ ಸೆನ್ಸರ್ ಕೆಡುತ್ತೆ. ಅದನ್ನು ಒಂದು ಸಾಲಿನಲ್ಲಿ ಬರೆದೇ ಬಿಡಬೇಕು.

ಕೂಲಿ ತಲೆಯಲ್ಲಿ ಕಂಬಕ್ಕೆ ವೆಲ್ಡಿಂಗ್, 2 ಕಂಬಕ್ಕೆ ತಲಾ 350, ಒಟ್ಟು 700. ಪ್ರಯಾಣಕ್ಕೆ ಬಂದರೆ, ಆರು ಸಲ ತೋಟಕ್ಕೆ ಹೋಗಬೇಕು, ಪ್ರತಿ ಸಲ ಒಬ್ಬ ಹುಡುಗ ಒಬ್ಬ ಹುಡುಗಿ. ಇಲ್ಲೊಂದು ಸ್ವಾರಸ್ಯ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಶೂನ್ಯ. ಹುಡುಗಿಯರ ಬಸ್ ಚಾರ್ಜನ್ನು ಬಜೆಟ್‌ನಲ್ಲಿ ಹಾಕಿದರೆ, ಲೆಕ್ಕ ಕೊಡುವಾಗ ಸೊನ್ನೆ ಟಿಕೆಟ್ ತೋರಿಸಿ ಹಣ ಕೇಳೋಕಾಗೋದಿಲ್ಲ. ಹಾಗಾಗಿ ಒಬ್ಬರಿಗೆ ಮಾತ್ರ: 6 ಸಲ, ಹೋಗಿ ಬರೋದು, ಒಂದು ಕಡೆಗೆ 40 ಅಂತ ಹಿಡಿದರೆ 480. ಬಸ್ಸಿಳಿದ ಮೇಲೆ ಊರಿಗೆ ಆಟೋ 6 ಸಲ 100ರಂತೆ 600. ಒಟ್ಟು 1,080. ಸೊನ್ನೆ ಟಿಕೆಟ್ ಅಂತ ಎಸೆಯಬಾರದು, ಆ ದಿನ ಆ ಊರಿಗೆ ಹೋಗಿದ್ದರು ಅನ್ನೋದಕ್ಕೆ ಅದು ದಾಖಲೆ. ಬಸ್ ದರ 2025ರ ಜನವರಿಯಲ್ಲಿ ಶೇ 15 ಏರಿದೆ, ಸೀನಿಯರ್‌ಗಳ ಹಳೇ ಅರ್ಜಿಯಿಂದ ಪ್ರಯಾಣದ ಸಾಲನ್ನು ನಕಲು ಮಾಡುವವರು ಅದನ್ನು ನೆನಪಿಡಬೇಕು.

ವರದಿ 5 ಪ್ರತಿ, ಮುದ್ರಣ ಬೈಂಡಿಂಗ್ ಸೇರಿ ತಲಾ 220ರಂತೆ 1,100. ಇತರೆ 400. ಎಲ್ಲ ಕೂಡಿದರೆ 9,546 ರೂ. ಇದನ್ನು 10,000 ಅಂತ ದುಂಡು ಮಾಡಬೇಕಿಲ್ಲ. 9,546 ಅಂತಲೇ ಬರೆದು, ಅಕ್ಷರದಲ್ಲೂ ಬರೆದರೆ ಸಾಕು. ಸಾಮಗ್ರಿ, ಕೂಲಿ, ಪ್ರಯಾಣ, ವರದಿ, ಇತರೆ ಅನ್ನುವ ಈ ಐದು ತಲೆಗಳೇ ಇಂಥ ಅರ್ಜಿಗಳಲ್ಲಿ ರೂಢಿ. ನಮೂನೆಯಲ್ಲಿ ಬೇರೆ ತಲೆ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು, ತಮ್ಮದೇ ತಲೆ ಹುಟ್ಟುಹಾಕಬಾರದು.

ಕೇಳಿದ್ದರಲ್ಲಿ ಅರ್ಧ ಬಂದರೆ?

ಕೇಳಿದಷ್ಟೂ ಬರೋದು ಅಪರೂಪ. ಮೇಲಿನ ತಂಡಕ್ಕೆ 6,000 ರೂ. ಮಂಜೂರಾಯಿತು ಅಂದುಕೊಳ್ಳೋಣ. ಆಗ ಎಲ್ಲ ಸಾಲಿಗೂ ಕತ್ತರಿ ಹಾಕಿ ಸಮ ಮಾಡೋದು ಕೆಟ್ಟ ಉಪಾಯ. ಒಂದೂವರೆ ಬ್ಯಾಟರಿ ಯಾವ ಅಂಗಡಿಯಲ್ಲೂ ಸಿಗೋದಿಲ್ಲ.

ಒಂದೇ ಸಾಧನ ಮಾಡಿದರೆ ಎಷ್ಟಾಗುತ್ತೆ ನೋಡಿ. ಬೋರ್ಡ್ 2ಕ್ಕೆ 900, ಸೆನ್ಸರ್ 4ಕ್ಕೆ 480, ಬ್ಯಾಟರಿ ಸೆಟ್ 850, ಡಬ್ಬಿ 300, ವೈರು ಬೆಸುಗೆ 400, ಸೇರಿ 2,930. ಜಿಎಸ್‌ಟಿ ಸೇರಿ 3,457. ಒಂದು ಕಂಬ 350. ನಾಲ್ಕು ಸಲ ಪ್ರಯಾಣ 720. ವರದಿ 3 ಪ್ರತಿ 660. ಇತರೆ 200. ಒಟ್ಟು 5,387. ಹಣ ಸಾಲುತ್ತೆ, 613 ಉಳಿಯುತ್ತೆ ಕೂಡ. ಆದರೆ ಎರಡು ಸಾಲಿನ ಹೋಲಿಕೆ ಹೋಯಿತು. ಹನಿ ನೀರಾವರಿಯಲ್ಲಿ ನೀರು ಇಷ್ಟು ಉಳಿಯಿತು ಅಂತ ಹೇಳೋಕೆ ಈಗ ಆಧಾರ ಇಲ್ಲ, ಸಾಧನ ಕೆಲಸ ಮಾಡುತ್ತೆ ಅಂತ ಮಾತ್ರ ಹೇಳಬಹುದು. ಬಜೆಟ್ ಕುಗ್ಗಿದರೆ ವರದಿಯ ಮಾತೂ ಕುಗ್ಗಬೇಕು. ಅದಕ್ಕೇ ಅರ್ಜಿ ಹಾಕುವ ದಿನವೇ ಈ ಎರಡನೇ ಲೆಕ್ಕ ಮಾಡಿ ಇಟ್ಟುಕೊಳ್ಳೋದು ಜಾಣತನ. ಯಾವ ಸಾಲು ಹೋದರೆ ಕೆಲಸವೇ ನಿಲ್ಲುತ್ತೆ, ಯಾವುದು ಹೋದರೆ ಸುಧಾರಿಸಬಹುದು ಅಂತ ತಂಡದವರಿಗೆ ಮೊದಲೇ ಗೊತ್ತಿದ್ದರೆ, ಮಂಜೂರಾತಿ ಪತ್ರ ಬಂದ ದಿನ ಜಗಳ ಆಗೋದಿಲ್ಲ.

ಹಾಡಿಗೆ ಹೋಗಿ ಸಮೀಕ್ಷೆ ಮಾಡುವವರ ಬಜೆಟ್

ಸಮಾಜವಿಜ್ಞಾನದವರ ಖರ್ಚು ಸಾಮಾನಿನಲ್ಲಿಲ್ಲ, ದಿನಗಳಲ್ಲಿದೆ. ಎಚ್.ಡಿ. ಕೋಟೆ, ಸರಗೂರು ಕಡೆಯ ಹಾಡಿಗಳಲ್ಲಿ 120 ಮನೆಗಳ ಸಮೀಕ್ಷೆ ಅಂತ ಪ್ರಸ್ತಾವನೆಯಲ್ಲಿ ಬರೆಯೋದು ಸುಲಭ. ಒಬ್ಬರು ದಿನಕ್ಕೆ ಆರು ಮನೆ ಮಾಡಿದರೆ 20 ಆಳು-ದಿನ. ಮನೆಯವರು ಕೂಲಿಗೋ ಕೊಡಗಿನ ತೋಟಕ್ಕೋ ಹೋಗಿದ್ದರೆ ಮತ್ತೆ ಹೋಗಬೇಕು, ಅದಕ್ಕೆ ಇನ್ನೂ 4. ಒಟ್ಟು 24 ಆಳು-ದಿನ. ಹೆಚ್ಚಿನವರು ಈ ನಾಲ್ಕು ದಿನ ಬರೆಯೋದೇ ಇಲ್ಲ.

ಇಬ್ಬರು ಸಮೀಕ್ಷಕರನ್ನು ದಿನಕ್ಕೆ 700 ಕೊಟ್ಟು 12 ದಿನ ಕಳಿಸಿದರೆ 16,800. ಊಟಕ್ಕೆ ದಿನಕ್ಕೆ 200ರಂತೆ 4,800. ಓಡಾಡೋಕೆ ವಾಹನ 12 ದಿನ 500ರಂತೆ 6,000. ಎಂಟು ಪುಟದ ಪ್ರಶ್ನಾವಳಿ 140 ಪ್ರತಿ (ಪ್ರಾಯೋಗಿಕವಾಗಿ 10, ಹೆಚ್ಚುವರಿ 10 ಸೇರಿ), ಪುಟಕ್ಕೆ ಒಂದೂವರೆ ರೂಪಾಯಿಯಂತೆ 1,680. ಉತ್ತರಗಳನ್ನು ಕಂಪ್ಯೂಟರಿಗೆ ಹಾಕೋಕೆ ಮನೆಗೆ 25ರಂತೆ 3,000. ಕೂಡಿದರೆ 32,280 ರೂ. ಮೊದಲ ವರ್ಷದ ಕಂಟಿಂಜೆನ್ಸಿ 10,000! ಮೂರು ವರ್ಷದ್ದು ಸೇರಿಸಿದರೂ ಈ ಒಂದು ಸಮೀಕ್ಷೆಗೇ ಬಹುಪಾಲು ಹೋಗುತ್ತೆ.

ಸಂಶೋಧಕಿ ತಾನೇ 24 ದಿನ ಹೋದರೆ ಲೆಕ್ಕ ಬೇರೆಯಾಗುತ್ತೆ. ಊಟ 4,800, ಸ್ಥಳೀಯ ಓಡಾಟ ದಿನಕ್ಕೆ 150ರಂತೆ 3,600, ಪ್ರಶ್ನಾವಳಿ 1,680, ಸೇರಿ 10,080. ಪುಟಕ್ಕೆ ಒಂದು ರೂಪಾಯಿಗೆ ಎರಡೂ ಬದಿ ಜೆರಾಕ್ಸ್ ಮಾಡಿಕೊಡುವ ಅಂಗಡಿ ಹುಡುಕಿದರೆ 9,520ಕ್ಕೆ ಇಳಿಯುತ್ತೆ. ಕೋಬೋ ಟೂಲ್‌ಬಾಕ್ಸ್ ಅನ್ನೋ ಉಚಿತ ಸಾಧನ ಫೋನಿಗೆ ಹಾಕಿಕೊಂಡರೆ ಕಾಗದದ ಖರ್ಚೂ ಬಹುತೇಕ ಇಲ್ಲ. ನೆಟ್‌ವರ್ಕ್ ಇಲ್ಲದ ಕಾಡಂಚಿನಲ್ಲೂ ಉತ್ತರ ತುಂಬಿಟ್ಟು, ಕೋಟೆಗೆ ಬಂದ ಮೇಲೆ ಕಳಿಸಬಹುದು. ಊಟದ ಖರ್ಚನ್ನು ಕಂಟಿಂಜೆನ್ಸಿಯಲ್ಲಿ ಒಪ್ಪುತ್ತಾರಾ ಅಂತ ಮಾತ್ರ ವಿಭಾಗದ ಕಚೇರಿಯಲ್ಲಿ ಹೊರಡುವ ಮೊದಲೇ ಕೇಳಬೇಕು, ಬಂದ ಮೇಲಲ್ಲ. ಪುಸ್ತಕ, ಟೈಪಿಂಗ್, ಕ್ಷೇತ್ರ ಪ್ರಯಾಣದಂಥವಕ್ಕೆ ಕಂಟಿಂಜೆನ್ಸಿ ಸಲ್ಲುತ್ತೆ. ಕುರ್ಚಿ ಮೇಜಿಗೆ ಸಲ್ಲೋದಿಲ್ಲ.

ಅಧ್ಯಾಪಕರ ಸಂಶೋಧನಾ ಯೋಜನೆಗಳಿಗೆ ಐಸಿಎಸ್‌ಎಸ್‌ಆರ್ ಹಾಕಿರುವ ಮಿತಿಗಳು ವಿದ್ಯಾರ್ಥಿಗಳಿಗೂ ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತವೆ: ಸಂಶೋಧನಾ ಸಿಬ್ಬಂದಿಗೆ ಶೇ 45 ಮೀರಬಾರದು, ಕ್ಷೇತ್ರಕಾರ್ಯಕ್ಕೆ ಶೇ 35, ಉಪಕರಣ ಮತ್ತು ಪುಸ್ತಕಕ್ಕೆ ಶೇ 10, ಸಾದಿಲ್ವಾರಿಗೆ 5, ವರದಿ ಪ್ರಕಟಣೆಗೆ 5. ಮೇಲಿನ 32,280ರಲ್ಲಿ ಸಮೀಕ್ಷಕರ ಕೂಲಿ ಮತ್ತು ಕಂಪ್ಯೂಟರಿಗೆ ಹಾಕುವ ಕೂಲಿ ಸೇರಿ 19,800, ಅಂದರೆ ಶೇ 61. ಹಾಗಾದರೆ ಸಂಶೋಧನೆ ಮಾಡ್ತಿರೋದು ಯಾರು ಅಂತ ಪರಿಶೀಲಕರು ಕೇಳಿದರೆ ಅವರದ್ದೇನೂ ತಪ್ಪಿಲ್ಲ.

ಉತ್ತರ ಕೊಡುವವರ ಸಮಯದ ಬೆಲೆಯೂ ಒಂದು ಖರ್ಚು. ಅದು ಹೆಚ್ಚಿನ ಬಜೆಟ್‌ಗಳಲ್ಲಿ ಕಾಣೋದೇ ಇಲ್ಲ. 2025-26ಕ್ಕೆ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂ. ನಿಗದಿಯಾಗಿತ್ತು. ಗುಂಪು ಚರ್ಚೆಗೆ ಅಂತ ಹತ್ತು ಜನರನ್ನು ಅರ್ಧ ದಿನ ಕೂರಿಸಿದರೆ ಅವರೆಲ್ಲರ ಅರ್ಧ ಕೂಲಿ ಹೋದಂತೆ. ಚಹಾ ತಿಂಡಿಗಾದರೂ, ನೈತಿಕ ಸಮಿತಿ ಒಪ್ಪಿದರೆ ಸಮಯದ ಪರಿಹಾರಕ್ಕಾದರೂ, ಒಂದು ಸಾಲು ಇರಬೇಕು.

ಜಿಎಸ್‌ಟಿ: ಹಳೇ ನಮೂನೆ ನಂಬಬೇಡಿ

ವಿದ್ಯಾರ್ಥಿಗೆ, ಬಹುತೇಕ ಕಾಲೇಜಿಗೂ, ಇಂಥ ಖರೀದಿಯಲ್ಲಿ ಕೊಟ್ಟ ತೆರಿಗೆ ವಾಪಸ್ ಬರೋದಿಲ್ಲ. ಹಾಗಾಗಿ ತೆರಿಗೆ ಸೇರಿದ ದರವೇ ಬಜೆಟ್‌ಗೆ ಬರಬೇಕು. 'ಜಿಎಸ್‌ಟಿ ಪ್ರತ್ಯೇಕ' ಅಂತ ಚಿಕ್ಕ ಅಕ್ಷರದಲ್ಲಿ ಬರೆದ ಕೊಟೇಶನ್ನಿನ ಮೊತ್ತವನ್ನು ಹಾಗೇ ಎತ್ತಿ ಬರೆದರೆ ಮೇಲಿನ ಉದಾಹರಣೆಯಲ್ಲೇ 956 ರೂ. ಕೈಯಿಂದ ಹೋಗುತ್ತೆ.

ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಕ್ಕೆ ಶೇ 5ರ ರಿಯಾಯಿತಿ ತೆರಿಗೆ ಒಂದು ಕಾಲದಲ್ಲಿತ್ತು. 2022ರ ಜುಲೈ 18ರಿಂದ ಅದು ಹೋಯಿತು. ಈಗಲೂ ಹಳೇ ಪ್ರಸ್ತಾವನೆಗಳಿಂದ ಆ ಸಾಲು ನಕಲಾಗಿ ಬರೋದುಂಟು. 2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು ಶೇ 28ರ ಹಂತಗಳು ಬಹುತೇಕ ಹೋಗಿ, ಹೆಚ್ಚಿನ ವಸ್ತುಗಳು 5 ಅಥವಾ 18ಕ್ಕೆ ಬಂದಿವೆ. ರೋಗಪತ್ತೆ ಕಿಟ್ಟುಗಳು 12ರಿಂದ 5ಕ್ಕೆ ಇಳಿದವು. ಅದಕ್ಕಿಂತ ಹಿಂದಿನ ತಾರೀಖಿನ ಕೊಟೇಶನ್ ಕೈಯಲ್ಲಿದ್ದರೆ ಹೊಸದು ತಗೊಳ್ಳೋದು ಒಳ್ಳೇದು.

ಅಂಗಡಿಯವರ ಗಮನಕ್ಕೆ

ಕೊಟೇಶನ್ ಅನ್ನೋದು ಅಂಗಡಿಯವರು ಕೊಡುವ ಮಾತು, ಬಿಲ್ಲಲ್ಲ. ಅದರಲ್ಲಿ ಇರಬೇಕಾದ್ದು ಇಷ್ಟು: ಅಂಗಡಿಯ ಹೆಸರು ವಿಳಾಸ, ತಾರೀಖು, ಜಿಎಸ್‌ಟಿ ನಂಬರ್ ಇದ್ದರೆ ಅದು, ವಸ್ತುವಿನ ಸರಿಯಾದ ವಿವರ, ಒಂದರ ದರ, ಸಂಖ್ಯೆ, ತೆರಿಗೆ ಬೇರೆ ಸಾಲಿನಲ್ಲಿ, ಮತ್ತು ಈ ದರ ಎಷ್ಟು ದಿನಕ್ಕೆ ಅನ್ನೋದು. ಕೊನೆಯದನ್ನು ಯಾರೂ ಬರೆಯೋಲ್ಲ, ಜಗಳ ಆಗೋದು ಅಲ್ಲೇ. ಅನುದಾನ ಬರೋಕೆ ತಿಂಗಳುಗಳು ಬೇಕು ಅಂತ ಗೊತ್ತಿರೋದರಿಂದ 90 ದಿನ ಅಂತ ಬರೆಯೋಕಾಗುತ್ತಾ ನೋಡಬೇಕು, ಆಗದಿದ್ದರೆ 30 ಅಂತ ನೇರವಾಗಿ ಬರೆದರೆ ವಿದ್ಯಾರ್ಥಿ ಸ್ವಲ್ಪ ಹೆಚ್ಚು ಹಿಡಿದು ಕೇಳಿಕೊಳ್ಳುತ್ತಾನೆ. 'ಸೆನ್ಸರ್ ಸೆಟ್ 1, ರೂ. 4,000' ಅನ್ನೋ ಕೊಟೇಶನ್‌ನಿಂದ ಯಾರಿಗೂ ಪ್ರಯೋಜನ ಇಲ್ಲ.

ಕೊಟೇಶನ್ ಕಾಲೇಜಿನ ಹೆಸರಿಗೆ, ವಿಭಾಗದ ಮುಖ್ಯಸ್ಥರಿಗೆ ಅಂತ ಇರಬೇಕು. ಹಣ ಕೊಡೋದು ಕಾಲೇಜು ತಾನೆ? ಸಾಮಾನು ಉದ್ರಿ ಕೊಡುವ ಅಂಗಡಿಯವರು ಕಾಲೇಜಿನ ಖರೀದಿ ಆದೇಶ ಕೇಳೋದರಲ್ಲಿ ಸಂಕೋಚ ಪಡಬಾರದು. ಹುಡುಗರು ಜೂನ್‌ನಲ್ಲಿ ಪಾಸಾಗಿ ಊರಿಗೆ ಹೋಗುತ್ತಾರೆ, ಆಮೇಲೆ ಬಾಕಿ ಯಾರ ಹತ್ತಿರ ಕೇಳೋದು?

ಮೂರು ಕೊಟೇಶನ್ ಬೇಕು ಅಂದಾಗ ಒಂದೇ ಅಂಗಡಿಯಲ್ಲಿ ಮೂರು ಹೆಸರಿನ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳೋ ಚಾಳಿ ಇದೆ. ಒಂದೇ ಕೈಬರಹ, ಒಂದೇ ಕಾಗುಣಿತ ತಪ್ಪು, ನೂರು ರೂಪಾಯಿ ವ್ಯತ್ಯಾಸ. ಲೆಕ್ಕಪರಿಶೋಧಕರ ಕಣ್ಣಿಗೆ ಅದು ಬೀಳದೇ ಇರೋದಿಲ್ಲ. ಬಿದ್ದರೆ ವಿದ್ಯಾರ್ಥಿಯ ಜೊತೆ ಅಂಗಡಿಯ ಹೆಸರೂ ಕೆಡುತ್ತೆ.

ಜಿಎಸ್‌ಟಿಯಲ್ಲಿ ಕಾಂಪೊಸಿಷನ್ ಪದ್ಧತಿಯಲ್ಲಿ ಇರುವವರು ತೆರಿಗೆ ಬೇರೆ ತೋರಿಸುವಂತಿಲ್ಲ, ಅವರು ಕೊಡಬೇಕಾದ್ದು 'ಬಿಲ್ ಆಫ್ ಸಪ್ಲೈ'. ವರ್ಷದ ಸರಕು ವಹಿವಾಟು 40 ಲಕ್ಷದ ಒಳಗಿದ್ದು ನೋಂದಣಿ ಇಲ್ಲದ ಸಣ್ಣ ಅಂಗಡಿಯವರೂ ಕೊಟೇಶನ್ ಕೊಡಬಹುದು, ನಂಬರ್ ಹಾಕಿದ ಬಿಲ್ಲು ಕೊಟ್ಟರಾಯಿತು. ಕಾಲೇಜು ನೋಂದಾಯಿತರಿಂದಲೇ ಕೊಳ್ಳಬೇಕು ಅಂತ ಹೇಳಿದ್ದರೆ ಮಾತ್ರ ಬೇರೆ. ನೋಂದಣಿ ಇರುವ ಅಂಗಡಿಯವರು 200 ರೂ.ಗಿಂತ ಕಡಿಮೆ ವ್ಯಾಪಾರಕ್ಕೆ ಬಿಲ್ ಕೊಡದೆ ಇರಬಹುದು. ಆದರೆ ಗಿರಾಕಿ ಕೇಳಿದರೆ ಕೊಡಲೇಬೇಕು. ಐದು ಪೆನ್ನು, ಎರಡು ಟೇಪಿಗೆ ಬಿಲ್ ಕೇಳೋ ವಿದ್ಯಾರ್ಥಿಯನ್ನು ಗದರಿಸಿ ಕಳಿಸಬೇಡಿ, ಅವನಿಗೆ ಅದು ನಿಜಕ್ಕೂ ಬೇಕು. ನಗದಾಗಿ 5,000 ರೂ.ಗಿಂತ ಹೆಚ್ಚು ಪಡೆದು ರಸೀದಿ ಕೊಡುವಾಗ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಮೇಲೆ ಸಹಿ ಇರಬೇಕು.

ಹಣ ಬಂದ ಮೇಲೆ

ಬಜೆಟ್‌ನಲ್ಲಿ ಎಷ್ಟೇ ಜಾಗ್ರತೆ ಇದ್ದರೂ ಬಿಲ್ಲಿನಲ್ಲಿ ಎಡವುವವರೇ ಹೆಚ್ಚು. ಫೋನ್‌ಪೇ ಸ್ಕ್ರೀನ್‌ಶಾಟ್ ಬಿಲ್ಲಲ್ಲ, ಹಣ ಹೋಯಿತು ಅನ್ನೋದಕ್ಕೆ ಸಾಕ್ಷಿ ಮಾತ್ರ. ಆನ್‌ಲೈನಿನಲ್ಲಿ ತರಿಸಿದ ಬೋರ್ಡಿನ ಬಿಲ್ಲು ಅಪ್ಪನ ಖಾತೆಯಲ್ಲಿ ಅಪ್ಪನ ಹೆಸರಿಗೆ ಬಂದಿರುತ್ತೆ, ಕಾಲೇಜಿನ ಲೆಕ್ಕ ವಿಭಾಗ ಅದನ್ನು ವಾಪಸ್ ಕಳಿಸುತ್ತೆ. ಆರ್ಡರ್ ಮಾಡುವಾಗಲೇ ಬಿಲ್ಲಿಂಗ್ ಹೆಸರಿನ ಜಾಗದಲ್ಲಿ ಕಾಲೇಜಿನ ಹೆಸರು ಹಾಕಿಕೊಂಡರೆ ಈ ತೊಂದರೆ ಇಲ್ಲ. ಮಂಜೂರಾತಿಗೆ ಮೊದಲಿನ ತಾರೀಖಿನ ಬಿಲ್ಲನ್ನು ಸಾಮಾನ್ಯವಾಗಿ ಒಪ್ಪೋದಿಲ್ಲ. ತುರ್ತು ಅಂತ ಮೊದಲೇ ಕೊಂಡವರು ಅದನ್ನು ಕಳೆದುಕೊಂಡ ಹಾಗೇ ಅಂತ ತಿಳಿದೇ ಕೊಳ್ಳಬೇಕು. ಬಿಸಿಲಿಗೆ ಅಕ್ಷರ ಮಾಸುವ ಥರ್ಮಲ್ ಕಾಗದದ ಬಿಲ್ಲನ್ನು ಅದೇ ದಿನ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಬೇಕು.

ಒಂದು ತಲೆಯ ಹಣವನ್ನು ಇನ್ನೊಂದಕ್ಕೆ ಬಳಸುವ ಮುಂಚೆ ಮಾರ್ಗದರ್ಶಕರ ಮೂಲಕ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಬೇಕು. ಪ್ರಯಾಣದಲ್ಲಿ ಉಳಿದ 300ನ್ನು ಸುಮ್ಮನೆ ಸೆನ್ಸರ್‌ಗೆ ಹಾಕಿದರೆ ಸಾಮಾನು ಸಿಕ್ಕರೂ ಲೆಕ್ಕ ಕೂಡೋದಿಲ್ಲ. ಕೊನೆಯಲ್ಲಿ ಕೊಡಬೇಕಾದ್ದು ಖರ್ಚಿನ ಪಟ್ಟಿ ಮತ್ತು ಬಳಕೆ ಪ್ರಮಾಣಪತ್ರ. ಕೇಂದ್ರ ಸರ್ಕಾರದ ಅನುದಾನವಾದರೆ ಅದು ಜಿಎಫ್‌ಆರ್ 12-ಎ ನಮೂನೆಯಲ್ಲಿರುತ್ತೆ. ಇದಕ್ಕೆ ಸಹಿ ಹಾಕೋದು ಸಂಸ್ಥೆ, ಆದರೆ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಅಂಟಿಸಿ, ನಂಬರ್ ಹಾಕಿ ಕೊಡಬೇಕಾದವರು ವಿದ್ಯಾರ್ಥಿಗಳೇ. ಉಳಿದ ಹಣ ವಾಪಸ್ ಹೋಗಬೇಕು. ಮೇಲಿನ ಉದಾಹರಣೆಯ 613 ರೂಪಾಯಿಯೂ ಅಷ್ಟೇ. ತೋಟದಲ್ಲಿಟ್ಟ ಸಾಧನವನ್ನು ಪ್ರಾಜೆಕ್ಟ್ ಮುಗಿದ ಮೇಲೆ ರೈತರಿಗೇ ಬಿಟ್ಟುಬರುವ ಆಸೆ ಇದ್ದರೆ, ಅದು ಕಾಲೇಜಿನ ಹೆಸರಿಗೆ ಕೊಂಡ ವಸ್ತು ಅನ್ನೋದು ನೆನಪಿರಲಿ. ಹಾಗೆ ಬಿಟ್ಟುಬರೋದಾದರೆ ಆ ಮಾತನ್ನು ಪ್ರಸ್ತಾವನೆಯಲ್ಲೇ ಬರೆದು, ಪ್ರಾಂಶುಪಾಲರ ಸಹಿ ಬೀಳುವ ಮುನ್ನ ಅವರ ಗಮನಕ್ಕೆ ತರಬೇಕು.